ಹೋಲಿಕೆಯಲ್ಲಿಯೂ ನ್ಯಾಯವಿರಲಿ

2025ರ ಮೇ 31ರಂದು ಇಂಗ್ಲೆಂಡಿನ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಒಂದು ಕಂತು ಮುಗಿಯುವ ಹೊತ್ತಿಗೆ, ನಾಯಕನ ಪಾತ್ರದಲ್ಲಿದ್ದ ಶ್ರೀ ಶೂಟಿ ಗಾಟ್ವಾ ಅವರ ದೇಹವು ಬೆಳಕಿನಲ್ಲಿ ಕರಗಿ, ಅದೇ ಸ್ಥಳದಲ್ಲಿ ಶ್ರೀಮತಿ ಬಿಲಿ ಪೈಪರ್ ಅವರ ಮುಖವು ಕಾಣಿಸಿಕೊಂಡಿತು. ಕೊನೆಯ ನಾಮಾವಳಿಯಲ್ಲಿ ಆಕೆಯ ಹೆಸರು ಬಂದಿತೇ ಹೊರತು ಪಾತ್ರದ ಹೆಸರು ಬರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ, 2005ರಲ್ಲಿ, ಇದೇ ನಟಿಯು ಡಾಕ್ಟರನ ಸಂಗಾತಿ ರೋಸ್ ಟೈಲರ್ ಆಗಿ ಬಂದು ಒಂದು ತಲೆಮಾರಿನ ಪ್ರೇಕ್ಷಕರ ಮನಸ್ಸನ್ನು ಗೆದ್ದಿದ್ದರು. ಆದುದರಿಂದ ಅಭಿಮಾನಿಗಳ ಎರಡು ಹಳೆಯ ವಿವಾದಗಳು ಅಂದು ಒಂದೇ ಮುಖದಲ್ಲಿ ಬಂದು ಸೇರಿದಂತಾಯಿತು. ಡಾಕ್ಟರನಾಗಿ ಅಭಿನಯಿಸಿದವರಲ್ಲಿ ಶ್ರೇಷ್ಠರಾರು ಎಂಬುದೊಂದು. ಅವನ ಸಂಗಾತಿಗಳಲ್ಲಿ ಅವನಿಗೆ ತಕ್ಕವಳಾರು ಎಂಬುದು ಇನ್ನೊಂದು.

ಪರದೇಶದ ನಾಟಕದ ಈ ಜಗಳದಲ್ಲಿ ನಮಗೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವಿದೆ. ಹಳಬನೊಬ್ಬನು ಬಿಟ್ಟುಹೋದ ಸ್ಥಾನದಲ್ಲಿ ಹೊಸಬನು ಬಂದು ನಿಂತಾಗ ಲೋಕವು ಅವನನ್ನು ಹೇಗೆ ಅಳೆಯುತ್ತದೆಂಬುದನ್ನು ಇಷ್ಟು ದೀರ್ಘಕಾಲ ಪರೀಕ್ಷಿಸಿ ನೋಡಿದ ಬೇರೊಂದು ನಾಟಕವನ್ನು ನಾವು ಕಾಣೆವು. ಹೋಟೇಲಿನ ಅಡಿಗೆಮನೆಯಲ್ಲಿಯೂ ಕಚೇರಿಯ ಮೇಜಿನ ಮುಂದೆಯೂ ಅದೇ ಅಳತೆಗೆ ಗುರಿಯಾದವರು ನಮ್ಮ ವಾಚಕರಲ್ಲಿ ಬಹುಮಂದಿ ಇದ್ದಾರೆ.

ಧಾರಾವಾಹಿಯನ್ನು ಕಾಣದವರಿಗಾಗಿ ಎರಡು ಮಾತು. ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಮರುದಿನ, 1963ರ ನವೆಂಬರ್ 23ರಂದು, ಇದರ ಮೊದಲ ಕಂತು ಪ್ರಸಾರವಾಯಿತು. ಅದನ್ನು ನಿರ್ದೇಶಿಸಿದವರು ನಮ್ಮ ಲಖನೌದಲ್ಲಿ ಜನಿಸಿದ ಶ್ರೀ ವಾರಿಸ್ ಹುಸೇನ್. ಡಾಕ್ಟರನೆಂಬವನು ಅನ್ಯಗ್ರಹದವನು, ಎರಡು ಹೃದಯಗಳುಳ್ಳವನು. ಹೊರಗಿನಿಂದ ಲಂಡನ್ನಿನ ಬೀದಿಯ ಪೊಲೀಸ್ ಟೆಲಿಫೋನ್ ಗೂಡಿನಂತೆ ಕಂಡು, ಒಳಗೆ ಅರಮನೆಯಷ್ಟು ವಿಶಾಲವಾದ ಯಂತ್ರವೊಂದರಲ್ಲಿ ಭೂತ ಭವಿಷ್ಯತ್ತುಗಳನ್ನು ಸಂಚರಿಸುತ್ತಾನೆ. ಜೊತೆಗೆ ಒಬ್ಬರೋ ಇಬ್ಬರೋ ಮನುಷ್ಯ ಸಂಗಾತಿಗಳು. ಮೊದಲ ನಟ ಶ್ರೀ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯವು ಕೆಟ್ಟಾಗ ಕಥೆಯನ್ನೇ ನಿಲ್ಲಿಸಬೇಕಾಗಿದ್ದಿತು. ನಿಲ್ಲಿಸುವುದಕ್ಕೆ ಬದಲಾಗಿ, ದೇಹವು ಸವೆದಾಗ ಡಾಕ್ಟರನು ಸಾಯದೆ ಹೊಸ ದೇಹವನ್ನು ತಾಳುತ್ತಾನೆಂದು ನಿರ್ಮಾಪಕರು ಕಲ್ಪಿಸಿದರು. 1966ರ ಅಕ್ಟೋಬರಿನಲ್ಲಿ ಶ್ರೀ ಪ್ಯಾಟ್ರಿಕ್ ಟ್ರೌಟನ್ ಅವರು ಹಾರ್ಟ್ನೆಲ್ ಅವರ ಸ್ಥಾನದಲ್ಲಿ ಕಾಣಿಸಿಕೊಂಡರು. ಮುಖ ಬೇರೆ, ನಡತೆ ಬೇರೆ, ಮನುಷ್ಯ ಅವನೇ. ಅಂದಿನಿಂದ ಹೋಲಿಕೆಯೂ ಹುಟ್ಟಿತು.

ಕರಾವಳಿಯ ವಾಚಕರಿಗೆ ಇದರ ರುಚಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದೇ ಕರ್ಣನನ್ನು ಇಬ್ಬರು ವೇಷಧಾರಿಗಳಲ್ಲಿ ಕಂಡು, ಆಟ ಮುಗಿದ ಮೇಲೂ ಗದ್ದೆಯ ಬದುವಿನುದ್ದಕ್ಕೂ ವಾದಿಸುತ್ತ ಮನೆ ಸೇರಿದವರು ಅವರು.

ಇಂಗ್ಲೆಂಡಿನಲ್ಲಿ ‘ನನ್ನ ಡಾಕ್ಟರ್’ ಎಂದು ಹೇಳುವ ವಾಡಿಕೆಯಿದೆ. ಅದರ ಅರ್ಥ ಶ್ರೇಷ್ಠ ಡಾಕ್ಟರ್ ಎಂದಲ್ಲ. ಎಂಟು ಹತ್ತರ ವಯಸ್ಸಿನಲ್ಲಿ ಶನಿವಾರದ ಸಂಜೆ ತಾನು ಕಂಡು ಬೆಳೆದ ಡಾಕ್ಟರ್ ಎಂದು. 1974ರಿಂದ 1981ರವರೆಗೆ ಏಳು ವರ್ಷ ಈ ಪಾತ್ರವನ್ನು ನಿರ್ವಹಿಸಿದ ಶ್ರೀ ಟಾಮ್ ಬೇಕರ್ ಅವರಿಗೆ ಇಂದಿಗೂ ಇರುವ ಅಪಾರ ಜನಪ್ರೀತಿಗೆ ಅವರ ಪ್ರತಿಭೆಯಷ್ಟೇ ಈ ದೀರ್ಘಾವಧಿಯೂ ಕಾರಣವೆಂದು ನಾವು ತಿಳಿಯುತ್ತೇವೆ. (ಅವರ ಪ್ರಸಿದ್ಧ ಉದ್ದನೆಯ ಕೊರಳುವಸ್ತ್ರದ ಕಥೆ ಸ್ವಾರಸ್ಯವಾದುದು. ಹೆಣೆಯುವಾಕೆಗೆ ಬೇಕಾದುದಕ್ಕಿಂತ ಹೆಚ್ಚು ಉಣ್ಣೆ ಕೊಟ್ಟರು; ಆಕೆ ಎಲ್ಲವನ್ನೂ ಹೆಣೆದುಬಿಟ್ಟರು.) ಬಾಲ್ಯದ ಮಮತೆಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ಆ ಮಮತೆಯೇ ನ್ಯಾಯಾಧೀಶನ ಪೀಠದಲ್ಲಿ ಕುಳಿತು ಹೊಸಬನಿಗೆ ಶಿಕ್ಷೆ ವಿಧಿಸತೊಡಗಿದಾಗ ನಮ್ಮ ಆಕ್ಷೇಪಣೆಯಿದೆ.

ಇದಕ್ಕೆ ಶ್ರೀ ಕಾಲಿನ್ ಬೇಕರ್ ಅವರ ಉದಾಹರಣೆಗಿಂತ ಮಿಗಿಲಾದುದಿಲ್ಲ. ಟಾಮ್ ಬೇಕರ್ ಅವರಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ. 1984ರ ಮಾರ್ಚಿಯಲ್ಲಿ ಇವರಿಗಿಂತ ಹಿಂದಿನ ಡಾಕ್ಟರ್ ಶ್ರೀ ಪೀಟರ್ ಡೇವಿಸನ್ ತಮ್ಮ ಕೊನೆಯ ಕಥೆಯನ್ನು ಅಭಿನಯಿಸಿ ನಿರ್ಗಮಿಸಿದರು. ಆ ಕಥೆಯಲ್ಲಿ ವಿಷವೇರಿದ ಇಬ್ಬರಿಗೆ ಒಬ್ಬರಿಗಾಗುವಷ್ಟೇ ಮದ್ದು ಉಳಿದಿರುತ್ತದೆ. ಡಾಕ್ಟರನು ಅದನ್ನು ಸಂಗಾತಿ ಪೆರಿಗೆ ಕುಡಿಸಿ ತಾನು ಪ್ರಾಣ ಬಿಡುತ್ತಾನೆ. ಮುಂದಿನ ವಾರವೇ ಕಾಲಿನ್ ಬೇಕರ್ ಅವರ ಮೊದಲ ಕಥೆ. ಅದರಲ್ಲಿ ಹೊಸ ದೇಹದ ಅಮಲಿನಲ್ಲಿ ಬುದ್ಧಿ ಕಲಕಿದ ಡಾಕ್ಟರನು ಅದೇ ಪೆರಿಯ ಕತ್ತು ಹಿಸುಕಲು ಹೋಗುತ್ತಾನೆ! 2009ರಲ್ಲಿ ‘ಡಾಕ್ಟರ್ ಹೂ’ ಮಾಸಪತ್ರಿಕೆಯು ಅದುವರೆಗಿನ 200 ಕಥೆಗಳಿಗೆ ವಾಚಕರ ಮತ ಕೇಳಿದಾಗ, ಮೊದಲಿನದಕ್ಕೆ 1ನೆಯ ಸ್ಥಾನವೂ ಎರಡನೆಯದಕ್ಕೆ 200ನೆಯ ಸ್ಥಾನವೂ ದೊರೆತವು. ಒಂದೇ ತಿಂಗಳಿನಲ್ಲಿ ಪ್ರಸಾರವಾದ ಎರಡು ಕಥೆಗಳು! ಒಬ್ಬರಿಗೆ ಬೀಳ್ಕೊಡುಗೆಯಾಗಿ ಅತ್ಯುತ್ತಮವಾದುದು, ಮತ್ತೊಬ್ಬರಿಗೆ ಸ್ವಾಗತವಾಗಿ ಅತ್ಯಂತ ಕಳಪೆಯಾದುದು. ಅದನ್ನು ಬರೆದವರು ಆ ನಟರಲ್ಲ. ಕಪ್ಪು ಮಖಮಲ್ಲಿನ ಉಡುಪು ಬೇಕೆಂದು ಅವರು ಬಯಸಿದ್ದರು. ತೊಡಿಸಿದ್ದು ಕಣ್ಣು ಕುಕ್ಕುವ ಬಣ್ಣಬಣ್ಣದ ತೇಪೆಯ ಕೋಟನ್ನು.

ಮುಂದೆ ನಡೆದುದೂ ಅದೇ ಜಾಡಿನದು. 1985ರಲ್ಲಿ ಧಾರಾವಾಹಿಯನ್ನು 18 ತಿಂಗಳು ತಡೆಹಿಡಿಯಲಾಯಿತು. 1986ರಲ್ಲಿ ಮರಳಿ ಬಂದ ಮೇಲೆ ನಟನನ್ನೇ ಕೆಲಸದಿಂದ ತೆಗೆಯಲಾಯಿತು. ಮುಖ ಬದಲಾಗುವ ಒಂದು ದೃಶ್ಯಕ್ಕಾಗಿ ಬರಬೇಕೆಂದು ಕರೆದಾಗ ಅವರು ಒಪ್ಪಲಿಲ್ಲ. ನಾವಾಗಿದ್ದರೂ ಒಪ್ಪುತ್ತಿರಲಿಲ್ಲ. 1987ರಲ್ಲಿ ಹೊಸ ನಟ ಶ್ರೀ ಸಿಲ್ವೆಸ್ಟರ್ ಮೆಕಾಯ್ ಅವರೇ ಹಿಂದಿನವರ ಗುಂಗುರು ಕೂದಲಿನ ಟೋಪನ್ನು ಧರಿಸಿ ನೆಲದ ಮೇಲೆ ಮಲಗಿ ಕೆಲಸ ಪೂರೈಸಬೇಕಾಯಿತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1999ರಿಂದ ಬಿಗ್ ಫಿನಿಷ್ ಎಂಬ ಸಂಸ್ಥೆಯು ಹಿಂದಿನ ಡಾಕ್ಟರರನ್ನೇ ಕರೆದು ಕೇವಲ ಧ್ವನಿಯ ನಾಟಕಗಳನ್ನು ಹೊರತರತೊಡಗಿತು. ಅವುಗಳಲ್ಲಿ ಕಾಲಿನ್ ಬೇಕರ್ ಅವರನ್ನು ಕೇಳಿದ ಅಭಿಮಾನಿಗಳು ಬೆರಗಾದರು. ತಾವು ಒರಟನೆಂದು ಜರೆದವನಲ್ಲಿ ಎಂತಹ ಆರ್ದ್ರತೆ, ಎಂತಹ ಗಾಂಭೀರ್ಯ! ಕಂಠವು ಅದೇ, ಬದಲಾದುದು ಬರವಣಿಗೆ.

ಹಳೆಯ ಭಟ್ಟರು ಊರಿಗೆ ಹೋದ ಮರುದಿನ, ಹೊಸ ಭಟ್ಟರ ಸಾಂಬಾರನ್ನು ಬಾಯಿಗಿಡುವ ಮೊದಲೇ ಮುಖ ಸಿಂಡರಿಸುವ ಗಿರಾಕಿಯನ್ನು ನಮ್ಮ ಹೋಟೇಲು ಬಂಧುಗಳು ಬಲ್ಲರು. ಯಜಮಾನರು ಆ ವಾರದಿಂದ ಬೇಳೆಯನ್ನು ಕಡಿಮೆ ಅಳೆದು ಕೊಡುತ್ತಿರುವುದು ಗಿರಾಕಿಗೆ ಎಲ್ಲಿ ತಿಳಿಯಬೇಕು?

2017ರ ಜುಲೈಯಲ್ಲಿ ಶ್ರೀಮತಿ ಜೋಡಿ ವಿಟ್ಟೇಕರ್ ಅವರು ಮುಂದಿನ ಡಾಕ್ಟರ್ ಎಂದು ಪ್ರಕಟವಾದಾಗ ಎದ್ದ ಕೋಲಾಹಲವು ಇನ್ನೂ ವಿಚಿತ್ರವಾದುದು. ಸ್ತ್ರೀಯೊಬ್ಬರು ಆ ಪಾತ್ರವನ್ನು ವಹಿಸುವುದು ಅದೇ ಮೊದಲು. ಹುಡುಗರಿಗೊಂದು ಆದರ್ಶವು ತಪ್ಪಿಹೋಗುವುದೆಂದು ಪೀಟರ್ ಡೇವಿಸನ್ ಸಭೆಯೊಂದರಲ್ಲಿ ವಿಷಾದಪಟ್ಟರು. ಅದನ್ನು ಬಲವಾಗಿ ಖಂಡಿಸಿದವರು ಯಾರು? ಅದೇ ಕಾಲಿನ್ ಬೇಕರ್. ಆದರ್ಶ ವ್ಯಕ್ತಿಯು ನೋಡುವವನ ಲಿಂಗದವನೇ ಆಗಿರಬೇಕೆಂಬ ನಿಯಮವೇನಿದೆ ಎಂಬುದು ಅವರ ವಾದ. ಈ ವಿಷಯದಲ್ಲಿ ನಾವು ಅವರ ಪಕ್ಷದವರು. ಆಕೆಯ ಕಾಲದ ಅನೇಕ ಕಥೆಗಳು ಪಾತ್ರಗಳ ಗುಂಪಿನಲ್ಲಿ ಉಸಿರುಗಟ್ಟಿದವೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಒಂದು ಕಂತನ್ನೂ ನೋಡದೆ ಕೊಟ್ಟ ತೀರ್ಪು ತೀರ್ಪಲ್ಲ. ಹಾಗೆ ತೀರ್ಪಿತ್ತವರು 2018ರ ನವೆಂಬರ್ 11ರಂದು ಪ್ರಸಾರವಾದ ಪಂಜಾಬದ ಕಥೆಯನ್ನು ನೋಡಲಿ. ಸಂಗಾತಿ ಯಾಸ್ಮಿನ್ ಖಾನಳ ಅಜ್ಜಿಯ ಯೌವನವನ್ನು ಹುಡುಕುತ್ತ ಡಾಕ್ಟರಳು 1947ರ ಆಗಸ್ಟಿಗೆ ಹೋಗುತ್ತಾಳೆ. ಅಜ್ಜಿ ಮುಸಲ್ಮಾನಳು, ವರನು ಹಿಂದೂ ರೈತ ಪ್ರೇಮ್. ಮದುವೆಯ ದಿನವೇ ವರನ ತಮ್ಮನು ಕರೆತಂದ ಗುಂಪು ಅಣ್ಣನನ್ನು ಕೊಲ್ಲುತ್ತದೆ. ಅವನನ್ನು ಉಳಿಸಿದರೆ ಯಾಸ್ಮಿನಳೇ ಹುಟ್ಟಲಾರಳು. ಬೆನ್ನು ತಿರುಗಿಸಿ ನಡೆದುಹೋಗುವ ಡಾಕ್ಟರಳ ಮುಖದಲ್ಲಿ ಆ ನಟಿ ತೋರಿಸಿದ ದುಃಖವನ್ನು ನಾವು ಮರೆತಿಲ್ಲ. ದೇಶವಿಭಜನೆಯನ್ನು ಇಂಗ್ಲೆಂಡಿನ ಮಕ್ಕಳ ಮುಂದೆ ಇಷ್ಟು ನೇರವಾಗಿ ಇಟ್ಟ ಶ್ರೀ ವಿನಯ್ ಪಟೇಲ್ ಅವರ ಬರವಣಿಗೆಗೂ ನಮ್ಮ ವಂದನೆ.

ಇನ್ನು ಸಂಗಾತಿಗಳ ವಿವಾದ. ಆರಂಭದಲ್ಲಿ ಇಂತಹ ಪ್ರಶ್ನೆಯೇ ಇರಲಿಲ್ಲ. ಮೊದಲ ಡಾಕ್ಟರನೊಡನೆ ಇದ್ದವಳು ಮೊಮ್ಮಗಳು ಸೂಸನ್ ಮತ್ತು ಅವಳ ಶಾಲೆಯ ಇಬ್ಬರು ಉಪಾಧ್ಯಾಯರು. ಮುಂದೆ ಬಂದ ತರುಣಿಯರೊಡನೆಯೂ ಪ್ರೇಮದ ಸೋಂಕು ತಗಲದಂತೆ ನಿರ್ಮಾಪಕರು ಎಚ್ಚರ ವಹಿಸಿದರು. 1996ರ ಚಲನಚಿತ್ರದಲ್ಲಿ ಡಾಕ್ಟರನು ಒಬ್ಬಾಕೆಯನ್ನು ಚುಂಬಿಸಿದುದೇ ಹಳೆಯ ಅಭಿಮಾನಿಗಳಿಗೆ ಅಪಚಾರವೆನಿಸಿತು. 2005ರಲ್ಲಿ ರೋಸ್ ಬಂದ ಮೇಲೆ ಎಲ್ಲವೂ ತಿರುಗಿತು. ಅಂಗಡಿಯ ಕೆಲಸದ ಹುಡುಗಿ ರೋಸ್. ಅವಳಿಗೂ ಶ್ರೀ ಡೇವಿಡ್ ಟೆನೆಂಟ್ ಅಭಿನಯಿಸಿದ ಡಾಕ್ಟರನಿಗೂ ಬೆಳೆದ ಪ್ರೀತಿ, 2006ರಲ್ಲಿ ಸಮುದ್ರತೀರವೊಂದರಲ್ಲಿ ಅವನು ಹೇಳಬೇಕೆಂದ ಮಾತು ತುದಿ ಮುಟ್ಟದೆ ಉಳಿದ ವಿರಹ, ಇವುಗಳನ್ನು ನೋಡಿ ಅತ್ತವರ ಸಂಖ್ಯೆ ಸಣ್ಣದಲ್ಲ. ಆ ದೃಶ್ಯವು ಚೆನ್ನಾಗಿದೆ. ನಾವು ಒಪ್ಪುತ್ತೇವೆ.

ನಮ್ಮ ತಕರಾರು ಅದರ ಮರುವರ್ಷ ನಡೆದುದರ ಬಗ್ಗೆ. 2007ರಲ್ಲಿ ಬಂದ ಮಾರ್ತಾ ಜೋನ್ಸ್‌ಳನ್ನು (ಕುಮಾರಿ ಫ್ರೀಮಾ ಅಜಿಮನ್) ಅಭಿಮಾನಿಗಳಲ್ಲಿ ಅನೇಕರು ಕೊನೆಯವರೆಗೂ ‘ರೋಸ್ ಅಲ್ಲದವಳು’ ಎಂದೇ ನೋಡಿದರು. ಕಥೆಯೊಳಗಿನ ಡಾಕ್ಟರನೂ ಹಾಗೆಯೇ ನೋಡಿದ. ವೈದ್ಯ ವಿದ್ಯಾರ್ಥಿನಿಯಾದ ಈ ಕಪ್ಪು ಹುಡುಗಿ ಅವನನ್ನು ಪ್ರೀತಿಸುತ್ತಾಳೆ. ಅವನಿಗೆ ಅದು ಕಾಣದು. ಒಂದು ಕಥೆಯಲ್ಲಿ ಶತ್ರುಗಳಿಂದ ತಪ್ಪಿಸಿಕೊಳ್ಳಲು ಡಾಕ್ಟರನು ತನ್ನ ನೆನಪನ್ನೇ ಕಳೆದುಕೊಂಡು 1913ರ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿ ಅಡಗಿರುತ್ತಾನೆ. ಅವನ ರಕ್ಷಣೆಗಾಗಿ ಮಾರ್ತಾ ಅದೇ ಶಾಲೆಯಲ್ಲಿ ಕೆಲಸದಾಳಾಗಿ ಮೊಣಕಾಲೂರಿ ನೆಲ ಉಜ್ಜುತ್ತಾಳೆ. ಶ್ರೀಮಂತರ ಹುಡುಗರು ಅವಳ ಬಣ್ಣವನ್ನು ಹಾಸ್ಯ ಮಾಡುತ್ತಾರೆ. ಅವನಾದರೋ ಅಲ್ಲಿನ ದಾದಿಯನ್ನು ಪ್ರೀತಿಸತೊಡಗುತ್ತಾನೆ. ನೀನು ವೈದ್ಯೆಯಾಗುವುದು ಹೇಗೆ ಸಾಧ್ಯವೆಂದು ಆ ದಾದಿ ಕೇಳಿದಾಗ, ಮಾರ್ತಾ ಉತ್ತರವಾಗಿ ಕೈಯಲ್ಲಿರುವ ಎಲುಬುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾಳೆ. ಊರು ಬಿಟ್ಟು ಬಂದು, ಹಗಲು ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದ ನಮ್ಮವರಿಗೆ ಆ ದೃಶ್ಯದ ಬೆಲೆಯನ್ನು ನಾವು ಹೇಳಿಕೊಡಬೇಕೆ? ಕೊನೆಯಲ್ಲಿ ಒಂದು ವರ್ಷ ಕಾಲ್ನಡಿಗೆಯಲ್ಲಿ ಭೂಮಂಡಲವನ್ನು ಸುತ್ತಿ, ಲೋಕವನ್ನುಳಿಸಿ, ಇನ್ನು ಈ ಪ್ರೀತಿಗಾಗಿ ಕಾಯಲಾರೆನೆಂದು ತಾನಾಗಿಯೇ ಯಂತ್ರದಿಂದಿಳಿದು ಮನೆಯವರ ಬಳಿ ಹೋಗುತ್ತಾಳೆ. ರೋಸ್‌ಳನ್ನು ವಿಧಿ ಅಗಲಿಸಿತು. ಮಾರ್ತಾ ತಾನೇ ನಿರ್ಧರಿಸಿ ಹೊರಟಳು. ಅಭಿಮಾನಿಗಳ ತಕ್ಕಡಿಯಲ್ಲಿ ಈ ಎರಡನೆಯದು ಹಗುರವಾದುದೇಕೆಂದು ನಮಗೆ ಇನ್ನೂ ಅರ್ಥವಾಗಿಲ್ಲ.

2008ರ ಡೋನಾ ನೋಬಲ್ ಬಗ್ಗೆ ವಿವಾದ ಕಡಿಮೆ. ಪ್ರೇಮದ ಗೊಡವೆ ಬೇಡ, ಸ್ನೇಹ ಸಾಕೆಂದು ಇಬ್ಬರೂ ಮೊದಲೇ ಒಪ್ಪಿಕೊಂಡರು. ಅದರಿಂದಲೇ ಅವರ ಸಂಭಾಷಣೆಗೆ ಒಂದು ಸಲಿಗೆಯೂ ಸೊಗಸೂ ಬಂದಿತು. ಪ್ರಾಣವುಳಿಸಲೆಂದು ಅವಳು ಬೇಡ ಬೇಡವೆನ್ನುತ್ತಿದ್ದರೂ ಡಾಕ್ಟರನು ಅವಳ ನೆನಪುಗಳನ್ನೆಲ್ಲ ಅಳಿಸಿಬಿಡುವ ದೃಶ್ಯವು, ನಮ್ಮ ದೃಷ್ಟಿಯಲ್ಲಿ, ಸಮುದ್ರತೀರದ ವಿರಹಕ್ಕಿಂತ ದಾರುಣವಾದುದು. ಆ ನೆನಪುಗಳು ಅವಳಿಗೆ ಮರಳಿದ್ದು 2023ರಲ್ಲಿ.

ನಟರು ನಟರನ್ನು ಹೇಗೆ ಕಂಡರೆಂಬುದನ್ನೂ ಅಭಿಮಾನಿಗಳು ಗಮನಿಸಬೇಕು. 2007ರ ನವೆಂಬರಿನಲ್ಲಿ ಧರ್ಮಾರ್ಥ ನಿಧಿಗಾಗಿ ತಯಾರಾದ ಕಿರು ದೃಶ್ಯವೊಂದರಲ್ಲಿ ಡೇವಿಡ್ ಟೆನೆಂಟ್ ಮತ್ತು ಪೀಟರ್ ಡೇವಿಸನ್ ಇಬ್ಬರೂ ಡಾಕ್ಟರರಾಗಿ ಎದುರಾಗುತ್ತಾರೆ. ನೀನೇ ನನ್ನ ಡಾಕ್ಟರ್ ಎಂಬ ಅರ್ಥದ ಮಾತನ್ನು ಕಿರಿಯನು ಹಿರಿಯನಿಗೆ ಹೇಳುತ್ತಾನೆ. ಅದು ಪಾತ್ರದ ಮಾತು, ನಟನ ಮಾತು ಕೂಡ. (ಮುಂದೆ ಟೆನೆಂಟ್ ಡೇವಿಸನ್ ಅವರಿಗೆ ಅಳಿಯನೂ ಆದರು.)

ನಿಜಕ್ಕೂ ಈ ಹೋಲಿಕೆಯನ್ನು ಆರಂಭಿಸಿದ ತಪ್ಪನ್ನು ಅಭಿಮಾನಿಗಳ ಮೇಲೆಯೇ ಹೊರಿಸುವಂತಿಲ್ಲ. 1972ರ ಡಿಸೆಂಬರಿನಲ್ಲಿ ಆರಂಭವಾದ ಕಥೆಯೊಂದರಲ್ಲಿ ಧಾರಾವಾಹಿಯೇ ಮೊದಲ ಮೂವರು ಡಾಕ್ಟರರನ್ನು ಒಟ್ಟಿಗೆ ತಂದಿತು. ಟ್ರೌಟನ್ ಮತ್ತು ಮೂರನೆಯವರಾದ ಶ್ರೀ ಜಾನ್ ಪರ್ಟ್ವೀ ಇಬ್ಬರೂ ಒಬ್ಬರನ್ನೊಬ್ಬರು ಹಂಗಿಸುತ್ತ ಕಾಲ ಕಳೆಯುತ್ತಾರೆ. ಹಾರ್ಟ್ನೆಲ್ ಅವರಿಗೆ ಆಗ ಕಾಯಿಲೆ ಬಲಿತು ಮಾತುಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಎದುರಿಗೆ ಹಿಡಿದ ಹಲಗೆಗಳನ್ನು ಓದುತ್ತ, ಯಂತ್ರದ ತೆರೆಯೊಳಗಿನ ಮುಖವಾಗಿ ಮಾತ್ರ ಅವರು ಬಂದರು. ಆ ತೆರೆಯಿಂದಲೇ ಒಬ್ಬನನ್ನು ಷೋಕಿಲಾಲನೆಂದೂ ಇನ್ನೊಬ್ಬನನ್ನು ವಿದೂಷಕನೆಂದೂ ಗದರಿಸುತ್ತಾರೆ. ಬೈಸಿಕೊಂಡ ಇಬ್ಬರೂ ಜಗಳ ಬಿಟ್ಟು ಕೆಲಸಕ್ಕೆ ತೊಡಗುತ್ತಾರೆ. 1975ರಲ್ಲಿ ತೀರಿಕೊಂಡ ಹಾರ್ಟ್ನೆಲ್ ಅವರಿಗೆ ಅದೇ ಕೊನೆಯ ಪಾತ್ರವಾಯಿತು.