ಮೋಟಾರು ವಾಹನದ ವಿದ್ಯುತ್ ಕಸಬು ಮತ್ತು ಸ್ವಯಂಚಾಲನೆ

ಯಂತ್ರಗಳು ಮನುಷ್ಯನ ಕೆಲಸವನ್ನು ಕಸಿದುಕೊಳ್ಳುವುವೆ ಎಂಬ ಪ್ರಶ್ನೆ ಮಗ್ಗಗಳಿಗೆ ಉಗಿಯ ಬಲ ಬಂದ ಕಾಲದಿಂದಲೂ ಇದೆ. ಇಂದು ಅದು ಮೋಟಾರು ವಾಹನಗಳ ವಿದ್ಯುತ್ ಉಪಕರಣಗಳನ್ನು ಜೋಡಿಸುವ ಮತ್ತು ದುರಸ್ತಿ ಮಾಡುವ ಕಸಬಿನಲ್ಲಿ ಮತ್ತೆ ತಲೆಯೆತ್ತಿದೆ. ಹತ್ತನೆಯ ತರಗತಿ ಮುಗಿಸಿ ಈ ಕಸಬನ್ನು ನಂಬಿ ಐ.ಟಿ.ಐ. ಸೇರುವ ಹುಡುಗರು ನಮ್ಮಲ್ಲಿ ಅನೇಕರಿದ್ದಾರೆ. ಆದುದರಿಂದ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಸಲ್ಲದು. ಕಸಬಿನ ಯಾವ ಭಾಗ ಯಂತ್ರದ ಪಾಲಾಗುವುದು, ಯಾವುದು ಮನುಷ್ಯನಲ್ಲಿ ಉಳಿಯುವುದು ಎಂಬುದನ್ನು ಬಿಡಿಸಿ ನೋಡಬೇಕು.

ಮೊದಲು ಜೋಡಣೆಯ ವಿಚಾರ. ಕಾರು ಕೊಂಡವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆಗೆ ಹೋಗಿ ರೇಡಿಯೊ, ಅಲಾರಂ, ಹಿಂದಕ್ಕೆ ಸರಿಯುವಾಗ ಎಚ್ಚರಿಸುವ ಸೆನ್ಸರು ಮುಂತಾದುವನ್ನು ಹಾಕಿಸಿಕೊಳ್ಳುವುದು ವಾಡಿಕೆಯಾಗಿತ್ತು. ಆದರೆ ೨೦೧೯ರ ಜುಲೈ ೧ರಿಂದ ಹೊಸ ಕಾರುಗಳಿಗೆ ಹಿಂಬದಿಯ ಸೆನ್ಸರು ನಮ್ಮ ದೇಶದಲ್ಲಿ ಕಡ್ಡಾಯವಾಯಿತು. ಅಲ್ಲಿಗೆ ಆ ಕೆಲಸ ಅಂಗಡಿಯಿಂದ ಕಾರ್ಖಾನೆಗೆ ಹೋಯಿತು. ಇದಕ್ಕೆ ನಿಯಮವೊಂದೇ ಕಾರಣವಲ್ಲ. ಹಿಂದೆ ದೀಪಕ್ಕೊಂದು, ಹಾರನ್ನಿಗೊಂದು ಎಂದು ಬೇರೆ ಬೇರೆ ತಂತಿಗಳಿದ್ದುವು. ೧೯೮೬ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಡೆಟ್ರಾಯಿಟ್ ನಗರದಲ್ಲಿ ಪ್ರಕಟಿಸಿದ 'ಕ್ಯಾನ್' ಎಂಬ ಪದ್ಧತಿಯಲ್ಲಿ ವಾಹನದ ಹಲವು ನಿಯಂತ್ರಕಗಳು ಒಂದು ಜೊತೆ ತಂತಿಯ ಮೇಲೆಯೇ ಪರಸ್ಪರ ಸಂದೇಶಗಳನ್ನು ಕಳುಹಿಸುತ್ತವೆ. ಇಂಥ ಜಾಲವನ್ನು ನಡುವೆ ಕತ್ತರಿಸಿ ಹೊಸ ಉಪಕರಣವೊಂದನ್ನು ಸಿಕ್ಕಿಸುವುದು ಹಳೆಯ ಕೈಚಳಕಕ್ಕೆ ಒಗ್ಗುವ ಮಾತಲ್ಲ.

ಇನ್ನು ದುರಸ್ತಿ. ವಾಹನವು ತನ್ನ ದೋಷವನ್ನು ತಾನೇ ಗುರುತಿಸಿ ಸಂಕೇತರೂಪದಲ್ಲಿ ತಿಳಿಸುವ ಏರ್ಪಾಡು ಅಮೆರಿಕದ ಕಾರುಗಳಲ್ಲಿ ೧೯೯೬ರಿಂದ ಏಕರೂಪವಾಗಿ ಜಾರಿಗೆ ಬಂದಿತು. ನಮ್ಮಲ್ಲಿ ೨೦೨೦ರ ಏಪ್ರಿಲ್ ೧ರಂದು ಬಂದ ಬಿ.ಎಸ್. ೬ ನಿಯಮವು ಇಂಥ ಏರ್ಪಾಡನ್ನು ದ್ವಿಚಕ್ರ ವಾಹನಗಳಿಗೂ ವಿಸ್ತರಿಸಿತು. ಸ್ಕ್ಯಾನರನ್ನು ಸಿಕ್ಕಿಸಿದೊಡನೆ ಪರದೆಯ ಮೇಲೆ ಉತ್ತರ ಮೂಡುವಾಗ ಮೆಕ್ಯಾನಿಕ್ಕಿನ ಬುದ್ಧಿಗೆ ಇನ್ನೇನು ಕೆಲಸ ಎಂದು ಕೆಲವರು ಕೇಳುತ್ತಾರೆ. ನಾವು ಈ ಮಾತನ್ನು ಒಪ್ಪುವುದಿಲ್ಲ. ಪರದೆಯ ಮೇಲೆ ಮೂಡುವುದು ಲಕ್ಷಣವೇ ಹೊರತು ಕಾರಣವಲ್ಲ.

'ಪಿ ೦೧೭೧' ಎಂಬ ಸಂಕೇತವನ್ನು ತೆಗೆದುಕೊಳ್ಳೋಣ. ಇಂಜಿನ್ನಿನ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂಬುದು ಇದರ ಅರ್ಥ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರು ಈ ವರದಿಗೆ ಆಧಾರ. ಪೆಟ್ರೋಲಿನ ಪಂಪು ಬಲಗುಂದಿದರೂ ಈ ಸಂಕೇತ ಬರಬಹುದು. ಒಳಹೋಗುವ ಗಾಳಿಯನ್ನು ಅಳೆಯುವ ಸೆನ್ಸರಿಗೆ ಕೊಳೆ ಕಟ್ಟಿದರೂ ಬರಬಹುದು. ಅಷ್ಟೇಕೆ, ಸೆನ್ಸರಿಗಿಂತ ಮೊದಲು ಹೊಗೆಕೊಳವೆ ಬಿರುಕು ಬಿಟ್ಟಿದ್ದರೂ ಬರಬಹುದು. ಹೊಗೆಯು ಅಲೆಯಲೆಯಾಗಿ ಹೊರಬೀಳುವಾಗ ಎರಡು ಅಲೆಗಳ ನಡುವೆ ಒತ್ತಡ ತಗ್ಗಿ ಹೊರಗಿನ ಗಾಳಿಯು ಬಿರುಕಿನಿಂದ ಒಳಸೇರುತ್ತದೆ. ಮಿಶ್ರಣ ಸರಿಯಾಗಿಯೇ ಇದ್ದರೂ ಸೆನ್ಸರು ತಪ್ಪು ಸುದ್ದಿ ಹೇಳುತ್ತದೆ. ಸಂಕೇತವನ್ನಷ್ಟೇ ನಂಬಿದವನು ಸೆನ್ಸರನ್ನು ಬದಲಾಯಿಸುತ್ತಾನೆ. ವಾಹನದ ಒಡೆಯನಿಗೆ ಹಣ ದಂಡ, ದೋಷ ಮಾತ್ರ ಹಾಗೆಯೇ ಇರುತ್ತದೆ.

ಮೇಲೆ ಹೇಳಿದ 'ಕ್ಯಾನ್' ಜಾಲವನ್ನೇ ನೋಡಿರಿ. ಅದರ ಎರಡು ತುದಿಗಳಲ್ಲಿ ಸಾಮಾನ್ಯವಾಗಿ ೧೨೦ ಓಮ್‌ಗಳ ಒಂದೊಂದು ರೋಧಕವಿರುತ್ತದೆ. ಇವು ಸಮಾಂತರ ಜೋಡಣೆಯಲ್ಲಿರುವುದರಿಂದ, ವಿದ್ಯುತ್ತನ್ನು ಕಡಿದು ಎರಡು ತಂತಿಗಳ ನಡುವೆ ಅಳೆದರೆ ೬೦ ಓಮ್ ಬರಬೇಕು. ೧೨೦ ಬಂದರೆ ಒಂದು ತುದಿ ಕಡಿದುಹೋಗಿದೆ ಎಂದು ತಿಳಿಯಬಹುದು. ಹತ್ತಾರು ನಿಯಂತ್ರಕಗಳಿರುವ ವಾಹನದ ದೋಷವನ್ನು ಹೈಸ್ಕೂಲಿನ ಪಾಠವೊಂದು ಹೀಗೆ ಹಿಡಿದುಕೊಡುತ್ತದೆ!

ಹಾಗೆಂದು ಎಲ್ಲರ ಕೆಲಸವೂ ಉಳಿಯುವುದೆಂದು ನಾವು ಹೇಳುವುದಿಲ್ಲ. ಊಹೆಯ ಮೇಲೆ ಬಿಡಿಭಾಗಗಳನ್ನು ಬದಲಾಯಿಸುತ್ತ ಹೋಗುವವನ ಕಾಲ ಮುಗಿಯುತ್ತ ಬಂದಿದೆ. ಕೆಲವು ದೋಷಗಳನ್ನು ತಯಾರಕರು ದೂರದಿಂದಲೇ ತಂತ್ರಾಂಶ ಕಳುಹಿಸಿ ಸರಿಪಡಿಸುತ್ತಾರೆ. ಆದರೆ ಡ್ಯಾಶ್‌ಬೋರ್ಡಿನ ಹಿಂದೆ ಕೈತೂರಿಸಿ ತುಕ್ಕು ಹಿಡಿದ ತಂತಿಯನ್ನು ಹುಡುಕುವುದು ರೋಬಾಟಿಗೆ ಸುಲಭವಲ್ಲ. ಬೆಸುಗೆಯ ಕೆಲಸ ರೋಬಾಟುಗಳ ಪಾಲಾದ ಕಾರ್ಖಾನೆಗಳ ಕಾಲದಲ್ಲಿಯೂ ವಾಹನದ ತಂತಿಕಟ್ಟುಗಳನ್ನು ಬಹುಮಟ್ಟಿಗೆ ಮನುಷ್ಯರ ಕೈಗಳೇ ಸಿದ್ಧಪಡಿಸುತ್ತಿವೆ. ಬಳುಕುವ ವಸ್ತುವನ್ನು ಹಿಡಿದು ಕೂರಿಸುವುದು ಯಂತ್ರಕ್ಕೆ ಕಷ್ಟ. ಹೊಸ ಕೆಲಸಗಳೂ ಹುಟ್ಟಿವೆ. ರಸ್ತೆಯನ್ನು ನೋಡುವ ಕ್ಯಾಮೆರಾ ಮುಂಗಾಜಿನ ಮೇಲಿದ್ದರೆ, ಗಾಜನ್ನು ಬದಲಾಯಿಸಿದಾಗ ಆ ಕ್ಯಾಮೆರಾದ ದಿಕ್ಕನ್ನು ಅಳತೆಗೆ ತಕ್ಕಂತೆ ಮತ್ತೆ ಹೊಂದಿಸಬೇಕಾಗುತ್ತದೆ.

ನಮ್ಮ ದೃಷ್ಟಿಯಲ್ಲಿ ನಿಜವಾದ ಅಪಾಯವಿರುವುದು ಬೇರೆಡೆ. ದುರಸ್ತಿಗೆ ಬೇಕಾದ ವಿವರಗಳು ತಯಾರಕರ ಬಳಿಯೇ ಬೀಗದಲ್ಲಿದ್ದರೆ ಸಣ್ಣ ಗ್ಯಾರೇಜಿನವನ ಜಾಣ್ಮೆ ವ್ಯರ್ಥವಾಗುತ್ತದೆ. ಆ ವಿವರಗಳು ಹೊರಗಿನ ಗ್ಯಾರೇಜುಗಳಿಗೂ ದೊರೆಯಬೇಕೆಂಬ ಕಾನೂನನ್ನು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ೨೦೧೨ರಲ್ಲಿ ಒಪ್ಪಿದರು. ನಮ್ಮ ಕೇಂದ್ರ ಸರ್ಕಾರವು ೨೦೨೨ರ ಡಿಸೆಂಬರಿನಲ್ಲಿ 'ದುರಸ್ತಿಯ ಹಕ್ಕು' ಎಂಬ ಜಾಲತಾಣವನ್ನು ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ಇದು ಒಳ್ಳೆಯ ಮೊದಲ ಹೆಜ್ಜೆ. ಆದರೆ ಹಕ್ಕಿಗೆ ಕಾನೂನಿನ ಬಲ ಬೇಕು.

ಜೊತೆಗೆ ಶಿಕ್ಷಣವೂ ಬದಲಾಗಬೇಕು. ಸ್ಕ್ಯಾನರಿನ ಗುಂಡಿಯನ್ನು ಒತ್ತಲು ಕಲಿಸಿದರೆ ಸಾಲದು. ಅದರ ಮಾತನ್ನು ಮೀಟರಿನಿಂದ ಪರೀಕ್ಷಿಸಲು ಕಲಿಸಬೇಕು. ವಿದ್ಯಾರ್ಥಿಗಳು ಓಮನ ನಿಯಮವನ್ನು ಪರೀಕ್ಷೆಗೆ ಓದಿ ಮರೆಯುವ ಸೂತ್ರವೆಂದು ಭಾವಿಸಬಾರದು. ನಾಳೆಯ ಗ್ಯಾರೇಜಿನಲ್ಲಿ ಅನ್ನವನ್ನು ಕೊಡುವ ವಿದ್ಯೆ ಅದೇ.