ಮೂರು ಹೆಸರು, ಒಂದೇ ಹಪ್ಪಳ

ಹಲಸಿನ ಹಪ್ಪಳಕ್ಕೂ ಕಂಪ್ಯೂಟರಿನ ಬ್ರೌಸರಿಗೂ ಎಂತ ಸಂಬಂಧ ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ಸಂಬಂಧ ಬೆಳೆದಿದೆ. ಅದರಲ್ಲಿ ಒಳ್ಳೆಯದೂ ಉಂಟು, ಕೆಟ್ಟದೂ ಉಂಟು. ಆನ್‌ಲೈನಿನಲ್ಲಿ ಮಾರುವ ಕೃಷಿಕರು ಈಗ ಕಡಿಮೆಯಿಲ್ಲವಾದ್ದರಿಂದ ಎರಡನ್ನೂ ಹೇಳುತ್ತೇನೆ.

ನನ್ನದು ಎರಡೂವರೆ ಎಕ್ರೆ ಅಡಿಕೆ ತೋಟ. ಜತೆಗೆ ಆಗುವ ಕಾಳುಮೆಣಸು, ಒಣಗಿಸಿದ ಪುನರ್ಪುಳಿ ಸಿಪ್ಪೆಯನ್ನು ಆನ್‌ಲೈನಿನಲ್ಲಿ ಮಾರುತ್ತೇನೆ. ಹೆಂಡತಿ ಇರುವ ಸ್ವಸಹಾಯ ಸಂಘದ ಎಂಟು ಮಂದಿ ಹೆಂಗಸರು ಹಲಸಿನ ಹಪ್ಪಳ ಮಾರುತ್ತಾರೆ. ಸಂಘದ ಖಾತೆ ಬೇರೆ, ನನ್ನದು ಬೇರೆ. ಬ್ಯಾಂಕಿನ ಪಾಸ್‌ಬುಕ್ಕೂ ಬೇರೆ. ಮನೆಯಲ್ಲಿರುವ ಕಂಪ್ಯೂಟರ್ ಮಾತ್ರ ಒಂದೇ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ, ಪುನರ್ಪುಳಿ ಮುಗಿಯಿತೆಂದು ಪಟ್ಟಿಯ ಮೊದಲ ಸಾಲಿನ ದಾಸ್ತಾನು ಸೊನ್ನೆ ಮಾಡಿ ಮಲಗಿದೆ. ತೆರೆದಿದ್ದದ್ದು ಸಂಘದ ಖಾತೆ! ಹಬ್ಬದ ವಾರದಲ್ಲಿ ನಾಲ್ಕು ದಿನ ಹಪ್ಪಳ 'ಲಭ್ಯವಿಲ್ಲ' ಎಂದಾಯಿತು. ಎಂಟು ಮನೆಯವರಿಗೆ ಉತ್ತರ ಹೇಳುವಾಗ ನನಗೆ ತಲೆಯೆತ್ತಲಾಗಲಿಲ್ಲ.

ಇದಕ್ಕೆ ಮದ್ದು ಹೇಳಿಕೊಟ್ಟವನು ಭಾವನ ಮಗ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಯಾವುದೇ ಇರಲಿ, ಒಂದೇ ಬ್ರೌಸರಿನೊಳಗೆ ಬೇರೆ ಬೇರೆ 'ಪ್ರೊಫೈಲ್' ಮಾಡಬಹುದು. ನಾವು ಒಂದು ತಾಣಕ್ಕೆ ಹೊಕ್ಕಾಗ ಅದು 'ಕುಕೀ' ಎಂಬ ಸಣ್ಣ ಚೀಟಿಯನ್ನು ಬ್ರೌಸರಿನಲ್ಲಿ ಇಟ್ಟುಹೋಗುತ್ತದೆ. ಮುಂದಿನ ಸಲ ನಮ್ಮ ಗುರುತು ಹಿಡಿಯುವುದು ಆ ಚೀಟಿ ನೋಡಿ. ಒಂದು ಪ್ರೊಫೈಲಿನ ಚೀಟಿ, ಪಾಸ್‌ವರ್ಡ್ ಇನ್ನೊಂದಕ್ಕೆ ಹೋಗುವುದಿಲ್ಲ. ಒಂದೇ ಕಪಾಟಿನ ಎರಡು ಬೀಗದ ಖಾನೆ ಇದ್ದ ಹಾಗೆ. ನನ್ನದಕ್ಕೆ ಹಸುರು ಬಣ್ಣ, ಸಂಘದ್ದಕ್ಕೆ ಕೆಂಪು. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಆಮೇಲೆ ತಪ್ಪು ಆಗಲಿಲ್ಲ. ಎರಡು ಖಾತೆ ನೋಡಿಕೊಳ್ಳುವ ಎಲ್ಲರೂ ಇಷ್ಟು ಮಾಡಿಕೊಳ್ಳಲೇಬೇಕು.

ಮೂರು ತಿಂಗಳ ಬಳಿಕ ಅವನೇ ಹೊಸ ಉಪಾಯ ತಂದ. "ಮಾವ, ಅಜ್ಜಿಯ ಹೆಸರಲ್ಲೊಂದು, ಅತ್ತೆಯ ಹೆಸರಲ್ಲೊಂದು ಖಾತೆ ಮಾಡುವ. ಹಪ್ಪಳ ಅದೇ, ಅಂಗಡಿ ಮೂರು. ಐದೈದು ರೂಪಾಯಿ ಹೆಚ್ಚು ಕಡಿಮೆ ಇಟ್ಟರೆ ಹುಡುಕುವವರಿಗೆ ನಾವೇ ನಾವು. ಒಂದು ಮುಚ್ಚಿದರೂ ಎರಡು ಉಳೀತದೆ." ಗೊತ್ತಾಗದ ಹಾಗೆ ಮಾಡುವ ಬ್ರೌಸರೇ ಬಾಡಿಗೆಗೆ ಸಿಗುತ್ತದಂತೆ. ತಾಣಗಳು ಕುಕೀ ಮಾತ್ರ ನೋಡುವುದಲ್ಲ. ಪರದೆಯ ಅಳತೆ, ಅಕ್ಷರಶೈಲಿಗಳು, ಗಡಿಯಾರದ ವಲಯ, ಚಿತ್ರ ಬಿಡಿಸುವ ಚಿಪ್ಪಿನ ಸ್ವಭಾವ, ಎಲ್ಲ ಸೇರಿಸಿ ಯಂತ್ರದ ಬೆರಳಚ್ಚು ಮಾಡಿಕೊಳ್ಳುತ್ತವೆ. ಈ ಬಾಡಿಗೆ ಬ್ರೌಸರ್ ಪ್ರತಿ ಖಾತೆಗೂ ಬೇರೆ ಬೆರಳಚ್ಚು ತೋರಿಸುತ್ತದೆ. ಇಂಟರ್ನೆಟ್ ವಿಳಾಸವನ್ನೂ ಬೇರೆ ಮಾಡಿಕೊಳ್ಳಬಹುದು.

ನಾನು ಬೇಡವೆಂದೆ. ಹುಡುಗನಿಗೆ ಬೇಸರವಾಯಿತು. ಕಾರಣ ಹೇಳಬೇಕಲ್ಲ?

ಮೊದಲನೆಯದು, ಅಡಗುವುದು ಬ್ರೌಸರ್ ಮಾತ್ರ, ನಾವಲ್ಲ. ಪ್ಯಾನ್, ಬ್ಯಾಂಕ್ ಖಾತೆ, ಫೋನ್ ನಂಬ್ರ, ಮಾಲು ಎತ್ತುವ ವಿಳಾಸ ಇವೆಲ್ಲ ಅವರ ಕೈಯಲ್ಲೇ ಉಂಟು. ಕೊರಿಯರಿನ ಹುಡುಗ ಮೂರು ಅಂಗಡಿಯ ಕಟ್ಟನ್ನೂ ಒಂದೇ ಅಂಗಳದಿಂದ ಒಯ್ಯಬೇಕಷ್ಟೆ! ಮಂಡಿಗೆ ಎರಡು ಹೆಸರಲ್ಲಿ ಚಾಲಿ ಅಡಿಕೆ ಕಳಿಸಿ ನೋಡಿ. ಗೋಣಿ ಬಿಚ್ಚಿದ ಕೂಡಲೇ ಯಾರ ಅಂಗಳದ್ದೆಂದು ಹೇಳುತ್ತಾರೆ.

ಎರಡನೆಯದು ನಿಯಮ. ಅಮೆಜಾನ್ ತನ್ನ ಷರತ್ತಿನಲ್ಲೇ ಹೇಳಿದೆ: ಒಂದು ಪ್ರದೇಶಕ್ಕೆ ಒಂದೇ ಮಾರಾಟ ಖಾತೆ; ಎರಡನೆಯದಕ್ಕೆ ನ್ಯಾಯವಾದ ವ್ಯಾಪಾರದ ಕಾರಣ ಬೇಕು, ಇರುವ ಖಾತೆಗಳೆಲ್ಲ ಸುಸ್ಥಿತಿಯಲ್ಲಿರಬೇಕು. ನನ್ನ ಮೆಣಸು, ಸಂಘದ ಹಪ್ಪಳ ನಿಜಕ್ಕೂ ಎರಡು ವ್ಯವಹಾರ. ಅಮ್ಮನ ಹೆಸರಿನ ಅಂಗಡಿ ವ್ಯವಹಾರವಲ್ಲ, ಮುಖವಾಡ. ಇನ್ನು ನಮ್ಮ ಹಪ್ಪಳಕ್ಕೆ ನಾವೇ ಗಿರಾಕಿಯ ವೇಷದಲ್ಲಿ ಶಿಫಾರಸು ಬರೆಯುವುದನ್ನು 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮವೇ ತಡೆಯುತ್ತದೆ.

ಮೂರನೆಯದು ಅಮ್ಮ. ಅವರಿಗೆ 82 ವರ್ಷ. ಪ್ಯಾನ್ ಅವರದು ಎಂದ ಮೇಲೆ ತೆರಿಗೆಯ ನೋಟೀಸು ಬಂದರೂ ಅವರಿಗೇ. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ಜಿಎಸ್‌ಟಿ ನೋಂದಣಿಯಿಲ್ಲದೆ ಬರಿಯ ದಾಖಲಾತಿ ನಂಬ್ರದಲ್ಲಿ ಮಾರಲು ಅವಕಾಶ ಸಿಕ್ಕಿದೆ. ಅದೂ ಪ್ಯಾನಿನ ಮೇಲೆಯೇ. ಹಪ್ಪಳದ ತೊಟ್ಟೆಯ ಮೇಲೆ ಎಫ್‌ಎಸ್‌ಎಸ್‌ಎಐಯ 14 ಅಂಕೆಯ ನಂಬ್ರ ಬೇಕು, ತಯಾರಿಸಿದವರ ಹೆಸರು ವಿಳಾಸ ಬೇಕು. ಸಂಘ ಮಾಡಿದ ಹಪ್ಪಳದ ಮೇಲೆ ಅಮ್ಮನ ಹೆಸರು ಹಾಕಿದರೆ ಅದು ಸುಳ್ಳು. ನಾಳೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಉತ್ತರ ಕೊಡಬೇಕಾದವರು ಯಾರು?

ನಮ್ಮ ಕಡೆಯ ಜೇನು ಕೃಷಿಕರೊಬ್ಬರ ಕತೆ ಕೇಳಿ. ಚಳಿಗೆ ಜೇನು ಹರಳುಗಟ್ಟಿತು. ಜೇನಿನ ಗ್ಲೂಕೋಸ್ ಹರಳಾಗುವುದು ಸಹಜ, ಬಿಸಿನೀರಿನಲ್ಲಿ ಬಾಟ್ಲಿ ಇಟ್ಟರೆ ಕರಗುತ್ತದೆ. ಪೇಟೆಯ ಗಿರಾಕಿಗಳು ಸಕ್ಕರೆ ಬೆರೆಸಿದ್ದೆಂದು ದೂರಿತ್ತರು, ಖಾತೆ ಮುಚ್ಚಿತು. ಪರೀಕ್ಷೆಯ ವರದಿ ಇಟ್ಟು ವಾದಿಸಿದ್ದರೆ ಅವರ ಪಕ್ಷ ಗಟ್ಟಿಯಿತ್ತು. ಇವರು ಯಾರದೋ ಮಾತು ಕೇಳಿ ಹೆಂಡತಿಯ ಹೆಸರಲ್ಲಿ ಗುಟ್ಟಾಗಿ ಇನ್ನೊಂದು ತೆರೆದರು. ಎರಡೂ ಹೋದವು, ಹಣ ತಿಂಗಳುಗಟ್ಟಲೆ ಸಿಕ್ಕಿಬಿತ್ತು. ಶುದ್ಧ ಜೇನು ಕೊಟ್ಟವರು ಕೊನೆಗೆ ಮೋಸಗಾರರ ಪಟ್ಟಿಗೆ ಸೇರಿದರು. ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ.

ಬಾಡಿಗೆ ಬ್ರೌಸರಿಗೆ ನಮ್ಮ ಎಲ್ಲ ಬೀಗದ ಕೈ ಒಪ್ಪಿಸುವುದೂ ಅಪಾಯವೇ. 2025ರ ಜನವರಿಯಲ್ಲಿ ಇಂಥದೊಂದು ಬ್ರೌಸರಿಗೇ ಕಳ್ಳರು ನುಗ್ಗಿ, ಬಳಕೆದಾರರ ಡಿಜಿಟಲ್ ಹಣ ಎಗರಿಸಿದ್ದರು.

ದೊಡ್ಡ ಕಂಪೆನಿಗಳು ಒಂದೇ ಮಾಲನ್ನು ನಾಲ್ಕು ಹೆಸರಲ್ಲಿ ಮಾರುವುದಿಲ್ಲವೇ ಎಂದು ಹುಡುಗ ಕೇಳಿದ. ಮಾರುತ್ತಾರೆ. ಆದರೆ ತೊಟ್ಟೆ ತಿರುಗಿಸಿದರೆ ತಯಾರಕರ ಹೆಸರು ಕಾಣುತ್ತದೆ. ಅವರಿಗೆ ವಕೀಲರೂ ಉಂಟು. ನಮಗೆ ಉಳಿಯುವುದು ಮಳೆಗಾಲದಲ್ಲಿ ಮೆತ್ತಗಾಗುವ ಹಪ್ಪಳ. ಸಣ್ಣವರ ಮಾತು ಸರಿಯಾಗಿ ಕೇಳದೆ ಖಾತೆ ಮುಚ್ಚುವುದು ಅನ್ಯಾಯವೆಂದು ನಾವು ಗಟ್ಟಿಯಾಗಿ ಹೇಳಲೇಬೇಕು. ಹೇಳಬೇಕಾದರೆ ನಮ್ಮ ಕೈ ಚೊಕ್ಕ ಇರಬೇಕು.

ಹಾಗಾದರೆ ಗಿರಾಕಿಗೆ ಹೆಚ್ಚು ಕಾಣಿಸಿಕೊಳ್ಳುವುದು ಹೇಗೆ? ನನ್ನ ಉತ್ತರ ಹಳೆಯದು. ಒಬ್ಬನಿಗೆ ಐದು ಖಾತೆ ಬೇಡ, ಐದು ಮನೆಗೆ ಒಂದು ಖಾತೆ ಸಾಕು. ಧಾರಣೆ ಕುಸಿದು ಕಂಗಾಲಾದ ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೋ ಕಟ್ಟಿದ್ದು ಇದೇ ಲೆಕ್ಕದಲ್ಲಿ ಅಲ್ಲವೇ? ಹೆಸರು ಒಂದು, ಹಿಂದೆ ನಿಂತವರು ಸಾವಿರಾರು. ಈ ವರ್ಷ ಪಕ್ಕದ ಸಂಘದವರ ಬಾಳೆಕಾಯಿ ಚಿಪ್ಸ್ ಕೂಡ ನಮ್ಮ ಸಂಘದ ಖಾತೆಯಲ್ಲೇ ಹೋಗುತ್ತಿದೆ. ತೊಟ್ಟೆಯ ಮೇಲೆ ಮಾಡಿದವರ ಹೆಸರು ವಿಳಾಸ, ಬ್ಯಾಚ್ ನಂಬ್ರ ಉಂಟು. ಯಾವ ದಿನ, ಯಾರ ಮನೆಯಲ್ಲಿ ಮಾಡಿದ್ದೆಂದು ಪುಸ್ತಕ ನೋಡಿದರೆ ತಿಳಿಯುತ್ತದೆ.

ಕೊನೆಗೊಂದು ಎಚ್ಚರಿಕೆ. ಖಾತೆ ನೋಡಿಕೊಳ್ಳಲು ಬೇರೆಯವರಿಗೆ ಕೊಡುವುದಾದರೆ ಪಾಸ್‌ವರ್ಡ್, ಒಟಿಪಿ ಕೊಡಬೇಡಿ. ಹೆಚ್ಚುವರಿ ಬಳಕೆದಾರರನ್ನು ಸೇರಿಸುವ ಸೌಲಭ್ಯ ಇದ್ದರೆ ಬೇಕಾದಷ್ಟೇ ಅನುಮತಿ ಕೊಡಿ. ಐವತ್ತು ಜನರ ಖಾತೆ ತೆರೆಯುವ ಕಂಪ್ಯೂಟರಿನಲ್ಲಿ ಯಾರದೋ ತಪ್ಪಿನ ಕೆಸರು ನಿಮಗೂ ಸಿಡಿದೀತು.

ಭಾವನ ಮಗ ಈಗಲೂ ಬರುತ್ತಾನೆ. ಕಳೆದ ವಾರ ಆ ಬ್ಯಾಚ್ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿಕೊಟ್ಟ. ಕೆಂಪು ಪ್ರೊಫೈಲಿನಲ್ಲೇ.