ಲ್ಯಾಟಿನ್ ಗ್ರ್ಯಾಮಿಯ ‘ವರ್ಷದ ಆಲ್ಬಂ’ ಇನ್ನೂ ಬೇಕೇ?

2025ರ ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಲ್ಯಾಟಿನ್ ಗ್ರ್ಯಾಮಿ ಸಮಾರಂಭದಲ್ಲಿ ‘ವರ್ಷದ ಆಲ್ಬಂ’ ಪ್ರಶಸ್ತಿ ಪೋರ್ಟೊ ರಿಕೊದ ಗಾಯಕ ಬ್ಯಾಡ್ ಬನ್ನಿಯ ‘ದೆಬಿ ತಿರಾರ್ ಮಾಸ್ ಫೋತೋಸ್’ಗೆ ಬಂತು. ಮೂರು ತಿಂಗಳೂ ಕಳೆದಿರಲಿಲ್ಲ, 2026ರ ಫೆಬ್ರುವರಿ 1ರಂದು ಲಾಸ್ ಏಂಜಲೀಸ್‌ನಲ್ಲಿ ಮೂಲ ಗ್ರ್ಯಾಮಿಯ ‘ವರ್ಷದ ಆಲ್ಬಂ’ ಕೂಡ ಅದಕ್ಕೇ ಸಂದಿತು. ಪೂರ್ತಿ ಸ್ಪ್ಯಾನಿಷ್‌ನಲ್ಲಿರುವ ಆಲ್ಬಮ್ಮಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. 2000ದ ಸೆಪ್ಟೆಂಬರ್ 13ರಂದು ಲ್ಯಾಟಿನ್ ಗ್ರ್ಯಾಮಿ ಮೊದಲ ಬಾರಿ ನಡೆದದ್ದು ಕೂಡ ಅದೇ ಕಟ್ಟಡದಲ್ಲಿ. ಆಗ ಅದನ್ನು ಸ್ಟೇಪಲ್ಸ್ ಸೆಂಟರ್ ಎನ್ನುತ್ತಿದ್ದರು. ಇಂಗ್ಲಿಷ್ ಹಾಡಿನ ದೊಡ್ಡ ಮನೆಯೇ ಬಾಗಿಲು ತೆರೆದ ಮೇಲೆ ಸ್ಪ್ಯಾನಿಷ್, ಪೋರ್ಚುಗೀಸ್ ಆಲ್ಬಂಗಳಿಗೆ ಬೇರೆಯೇ ಒಂದು ಶಿಖರ ಪ್ರಶಸ್ತಿ ಇರಬೇಕೇ?

ಪರ: ಬಲ್ಲವರ ತೀರ್ಪಿಗೆ ಬದಲಿ ಇಲ್ಲ

ಗ್ರ್ಯಾಮಿ ಶುರುವಾದದ್ದು 1959ರಲ್ಲಿ. ಆ ಹೊತ್ತಿಗೆ ನ್ಯೂಯಾರ್ಕಿನ ಪಲ್ಲೇಡಿಯಂ ನೃತ್ಯಶಾಲೆಯಲ್ಲಿ ಟೀಟೊ ಪುಯೆಂತೆ, ಮಚೀಟೊ ಅವರ ತಂಡಗಳು ಮಾಂಬೊ ನುಡಿಸಿ ಊರನ್ನೇ ಕುಣಿಸುತ್ತಿದ್ದವು. ಪ್ರಶಸ್ತಿ ಕೊಡುವವರ ಕಿವಿಗೆ ಅದು ಬೀಳಲಿಲ್ಲವೆಂದು ಹೇಳುವ ಹಾಗಿಲ್ಲ, ಅದೇ ಊರಿನ ಸಂಗೀತವದು. ಆದರೂ ಲ್ಯಾಟಿನ್ ಸಂಗೀತಕ್ಕೆಂದು ಗ್ರ್ಯಾಮಿಯಲ್ಲಿ ಒಂದೇ ಒಂದು ವಿಭಾಗ ಹುಟ್ಟಲು 1976 ಆಗಬೇಕಾಯಿತು. ಆ ಮೊದಲ ಪ್ರಶಸ್ತಿಯನ್ನು ಪಡೆದವರು ಪಿಯಾನೊ ವಾದಕ ಎಡ್ಡಿ ಪಾಲ್ಮಿಯೇರಿ, ‘ದಿ ಸನ್ ಆಫ್ ಲ್ಯಾಟಿನ್ ಮ್ಯೂಸಿಕ್’ ಆಲ್ಬಮ್ಮಿಗೆ. ಅಲ್ಲಿಂದ ಎಂಟು ವರ್ಷ ಸಾಲ್ಸಾ, ಬೊಲೆರೊ, ಮೆಕ್ಸಿಕೊ ಗಡಿಯ ಅಕಾರ್ಡಿಯನ್ ಹಾಡು ಎಲ್ಲವೂ ಆ ಒಂದೇ ವಿಭಾಗದಲ್ಲಿ ಪರಸ್ಪರ ಗುದ್ದಾಡಿದವು. 1984ರಲ್ಲಿ ಅದನ್ನು ಮೂರಾಗಿ ಒಡೆದರು.

ಸಿಕ್ಕಿದ್ದಾದರೂ ಉಳಿಯಿತೇ? 2011ರಲ್ಲಿ ಗ್ರ್ಯಾಮಿ ಅಕಾಡೆಮಿ 109 ವಿಭಾಗಗಳನ್ನು 78ಕ್ಕೆ ಇಳಿಸಿದಾಗ ಲ್ಯಾಟಿನ್ ಜಾಝ್ ವಿಭಾಗವನ್ನೇ ತೆಗೆದುಹಾಕಿತು. ತಾಳವಾದ್ಯಗಾರ ಬಾಬಿ ಸನಾಬ್ರಿಯಾ ಮತ್ತು ಅವರ ಜೊತೆಯ ಸಂಗೀತಗಾರರು ಪ್ರತಿಭಟಿಸಿದರು, ಕೋರ್ಟಿಗೆ ಹೋದರು. ಮರುವರ್ಷ ವಿಭಾಗ ಮರಳಿತು. ಬೇರೆಯವರ ಮನೆಯಲ್ಲಿ ಇರುವ ಜಾಗ ಯಾವಾಗ ಬೇಕಾದರೂ ಹೋಗಬಹುದೆಂದು ಆ ಒಂದು ವರ್ಷ ತೋರಿಸಿಕೊಟ್ಟಿತು. ಇದನ್ನು ಮರೆತು ಫೆಬ್ರುವರಿಯ ಒಂದು ರಾತ್ರಿಯನ್ನು ನಂಬಿ ಕೂರಲು ನನಗೆ ಧೈರ್ಯವಿಲ್ಲ.

ಈಗ ಒಂದೇ ಆಲ್ಬಮ್ಮನ್ನು ಗ್ರ್ಯಾಮಿಯ ಅಕಾಡೆಮಿ, ಲ್ಯಾಟಿನ್ ಗ್ರ್ಯಾಮಿಯ ಅಕಾಡೆಮಿ ಎರಡೂ ಹೇಗೆ ಕಂಡವೆಂದು ನೋಡಿ. ಪನಾಮಾದ ರೂಬೆನ್ ಬ್ಲೇಡ್ಸ್ ತಮ್ಮ ನಾಡಿನವರೇ ಆದ ರೊಬೆರ್ತೊ ದೆಲ್ಗಾದೊ ಅವರ ವಾದ್ಯವೃಂದದ ಜೊತೆ ಮಾಡಿದ ‘ಸಾಲ್ಸಾ ಬಿಗ್ ಬ್ಯಾಂಡ್’ 2017ರಲ್ಲಿ ಲ್ಯಾಟಿನ್ ಗ್ರ್ಯಾಮಿಯ ವರ್ಷದ ಆಲ್ಬಂ ಆಯಿತು. ಅದೇ ಜೋಡಿಯ ‘ಸಾಲ್ಸ್ವಿಂಗ್’ 2021ರಲ್ಲಿ ಮತ್ತೆ ಗೆದ್ದಿತು. ಮೂಲ ಗ್ರ್ಯಾಮಿಯೂ ಎರಡಕ್ಕೂ ಪ್ರಶಸ್ತಿ ಕೊಟ್ಟಿತು, ಸುಳ್ಳಲ್ಲ. ಕೊಟ್ಟದ್ದು ‘ಟ್ರಾಪಿಕಲ್ ಲ್ಯಾಟಿನ್’ ಎಂಬ ಪಕ್ಕದ ವಿಭಾಗದಲ್ಲಿ, ಟೀವಿ ಕ್ಯಾಮೆರಾ ತಿರುಗಿಯೂ ನೋಡದ ಜಾಗದಲ್ಲಿ. ಒಂದು ಅಕಾಡೆಮಿಗೆ ಆ ವರ್ಷದ ಎಲ್ಲಕ್ಕಿಂತ ಮೇಲಿನ ಕೆಲಸವಾಗಿ ಕಂಡದ್ದು ಇನ್ನೊಂದಕ್ಕೆ ಒಂದು ಪ್ರಾಂತ್ಯದ ಕುಣಿತದ ಹಾಡಾಗಿ ಕಂಡಿತು.

ನನ್ನ ವಾದವೆಲ್ಲ ನಿಂತಿರುವುದು 2020ರ ಆಯ್ಕೆಯ ಮೇಲೆ. 2017ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೊದಲ್ಲಿ ಭೂಮಿ ನಡುಗಿತು. ವೆರಾಕ್ರೂಸ್ ಪ್ರಾಂತ್ಯದ ಹಾಲ್ತಿಪಾನ್ ಊರಿನಲ್ಲಿ ‘ಸೊನ್ ಹರೋಚೊ’ ಎಂಬ ಜನಪದ ಸಂಗೀತದ ದಾಖಲಾತಿ ಕೇಂದ್ರ ಹಾಳಾಯಿತು. ಹರಾನಾ ಎಂಬ ಪುಟ್ಟ ತಂತಿವಾದ್ಯ ಮೀಟುತ್ತ, ಮರದ ಹಲಗೆಯ ಮೇಲೆ ಕಾಲು ಬಡಿದು ತಾಳ ಹಾಕುತ್ತ ಸರದಿಯಲ್ಲಿ ಪದ ಕಟ್ಟಿ ಹಾಡುವ ಪರಂಪರೆ ಅದು. ಸ್ಪೇನಿನ, ಆಫ್ರಿಕಾದ, ಮೂಲನಿವಾಸಿಗಳ ಸಂಗೀತ ಅದರಲ್ಲಿ ಕೂಡಿಕೊಂಡಿದೆ. ಗಾಯಕಿ ನತಾಲಿಯಾ ಲಫುರ್ಕಾದೆ ಆ ಕೇಂದ್ರವನ್ನು ಮತ್ತೆ ಕಟ್ಟಲು ಹಣ ಕೂಡಿಸಬೇಕೆಂದು ಕಚೇರಿ ನಡೆಸಿದರು, ಅದರಿಂದಲೇ ‘ಉನ್ ಕಾಂತೊ ಪೋರ್ ಮೆಹಿಕೊ’ ಎಂಬ ಆಲ್ಬಂ ಹುಟ್ಟಿತು. ತಮ್ಮ ಹಳೆಯ ಹಾಡುಗಳನ್ನೂ ನಾಡಿನ ಹಳೆಯ ಹಾಡುಗಳನ್ನೂ ಊರಿನ ವಾದ್ಯಗಾರರ ಜೊತೆ ಕೂತು ಹೊಸದಾಗಿ ಹಾಡಿದರು. 2020ರ ಸ್ಪರ್ಧೆಯಲ್ಲಿ ಬ್ಯಾಡ್ ಬನ್ನಿಯೂ ಇದ್ದರು, ಜನಪ್ರಿಯ ಗಾಯಕ ಜೆ ಬಾಲ್ವಿನ್ ಕೂಡ ಇದ್ದರು. ಕೇಳುಗರ ಲೆಕ್ಕ ಹಿಡಿದಿದ್ದರೆ ಲಫುರ್ಕಾದೆ ಹತ್ತಿರವೂ ಸುಳಿಯುತ್ತಿರಲಿಲ್ಲ. ಮತ ಹಾಕಿದವರು ಸ್ವತಃ ಹಾಡುವವರು, ನುಡಿಸುವವರು, ಧ್ವನಿಮುದ್ರಣ ಮಾಡುವವರು. ಹರಾನಾದ ಸದ್ದು ಯಾವ ಮಣ್ಣಿನದೆಂದು ಬಲ್ಲವರು. ಅವರು ಆಕೆಯನ್ನು ಆರಿಸಿದರು. ಮೂಲ ಗ್ರ್ಯಾಮಿ ಅದೇ ಆಲ್ಬಮ್ಮಿಗೆ ಕೊಟ್ಟದ್ದು ಪ್ರಾದೇಶಿಕ ಮೆಕ್ಸಿಕನ್ ವಿಭಾಗದ ಪ್ರಶಸ್ತಿ.

2014ರಲ್ಲಿ ಗಿಟಾರಿನ ಮಹಾ ಕಲಾವಿದ ಪಾಕೊ ದೆ ಲುಸಿಯಾ ತೀರಿಕೊಂಡರು. ಬಾಲ್ಯದಲ್ಲಿ ಕೇಳಿದ ಆಂಡಲೂಸಿಯಾದ ಹಾಡುಗಳನ್ನು ತಂತಿಯ ಮೇಲೆ ನುಡಿಸಿದ ಅವರ ಕೊನೆಯ ಆಲ್ಬಂ ಅದೇ ವರ್ಷ ಲ್ಯಾಟಿನ್ ಗ್ರ್ಯಾಮಿಯ ಇದೇ ಶಿಖರ ಪ್ರಶಸ್ತಿ ಪಡೆಯಿತು. ಇಂಥ ಕೆಲಸವನ್ನು ಇಂಗ್ಲಿಷ್ ಪಾಪ್ ಆಲ್ಬಂಗಳ ನಡುವೆ ನಿಲ್ಲಿಸಿ ತೂಗುವವರಿಗೆ ಯಾವ ತಕ್ಕಡಿ ಇದೆ?

ಬ್ಯಾಡ್ ಬನ್ನಿಯ ಗೆಲುವನ್ನೇ ತೆಗೆದುಕೊಳ್ಳಿ. ಆ ಆಲ್ಬಮ್ಮಿನಲ್ಲಿ ಪೋರ್ಟೊ ರಿಕೊದ ಜನಪದ ಸಂಗೀತವಾದ ಪ್ಲೇನಾ ಇದೆ, ಬೋಂಬಾ ಇದೆ, ಅಲ್ಲಿನ ಗುಡ್ಡಗಾಡಿನ ಹೀಬರೊ ಸಂಗೀತವಿದೆ. ಸಾಲ್ಸಾ ಹಾಡಿಗೆ ವಾದ್ಯ ನುಡಿಸಿದವರು ಸಾನ್ ಹುವಾನ್‌ನ ಸರ್ಕಾರಿ ಸಂಗೀತ ಶಾಲೆಯ ಹುಡುಗ ಹುಡುಗಿಯರು. ಈ ಬೇರುಗಳನ್ನು ಇಪ್ಪತ್ತೈದು ವರ್ಷ ಎತ್ತಿ ಹಿಡಿದು, ಇದು ಆಲ್ಬಂ ಎಂಬ ದೊಡ್ಡ ಕೃತಿಗೆ ತಕ್ಕ ಸಾಮಗ್ರಿ ಎಂದು ಸಾರಿದ ವೇದಿಕೆ ಯಾವುದು? ದೊಡ್ಡ ಮನೆಯವರು ತಲುಪುವಷ್ಟರಲ್ಲಿ ದಾರಿ ಸವೆಸಿಟ್ಟವರು ಇವರು.

ವಿರೋಧ: ಪಂಕ್ತಿಭೇದಕ್ಕೆ ಪ್ರಶಸ್ತಿಯ ಹೆಸರು

ಪಂಕ್ತಿಭೇದ ಹೇಗೆ ನಡೆಯುತ್ತದೆಂದು ನಮಗೆ ಗೊತ್ತು. ಊಟ ಎಲ್ಲರಿಗೂ ಉಂಟು, ಎಲೆಯೂ ಉಂಟು, ಕೂರುವ ಸಾಲು ಮಾತ್ರ ಬೇರೆ. ಪ್ರತ್ಯೇಕ ಸಾಲಿನಲ್ಲಿ ಎಷ್ಟು ಒಳ್ಳೆಯ ಅಡುಗೆ ಬಡಿಸಿದರೂ ಮೊದಲ ಸಾಲಿನಲ್ಲಿ ಕೂತವರಿಗೆ ಅದರಿಂದ ಒಂದು ಅನುಕೂಲವಿದೆ: ‘ಅವರಿಗೆ ಅಲ್ಲಿ ಆಗಿದೆಯಲ್ಲ’ ಎನ್ನಬಹುದು.

1965ರಲ್ಲಿ ಮೂಲ ಗ್ರ್ಯಾಮಿಯ ವರ್ಷದ ಆಲ್ಬಂ ಆದದ್ದು ‘ಗೆಟ್ಜ್/ಜಿಲ್ಬೆರ್ಟೊ’. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ ಗೆಟ್ಜ್ ಜೊತೆಗೆ ಬ್ರೆಜಿಲಿನ ಜುವಾವೊ ಜಿಲ್ಬೆರ್ಟೊ ಪೋರ್ಚುಗೀಸ್‌ನಲ್ಲಿ ಹಾಡಿದ್ದ ಬೊಸ್ಸ ನೋವಾ. ಆಗ ಲ್ಯಾಟಿನ್ ವಿಭಾಗವೇ ಇರಲಿಲ್ಲ, ಆದ್ದರಿಂದ ಆ ಆಲ್ಬಮ್ಮನ್ನು ದೂಡಲು ಬೇರೆ ಸಾಲೂ ಇರಲಿಲ್ಲ. ಸಾಲುಗಳು ಹುಟ್ಟಿದ ಮೇಲೆ ಎಷ್ಟು ದಶಕ ಕಳೆದವೆಂದು ನೀವೇ ಲೆಕ್ಕ ಹಾಕಿ. 2023ರಲ್ಲಿ ಬ್ಯಾಡ್ ಬನ್ನಿಯ ‘ಉನ್ ವೆರಾನೊ ಸಿನ್ ತಿ’ ಅಲ್ಲಿ ಆ ಪ್ರಶಸ್ತಿಗೆ ನಾಮನಿರ್ದೇಶನವಾದಾಗ, ಸ್ಪ್ಯಾನಿಷ್ ಆಲ್ಬಮ್ಮಿಗೆ ಅಷ್ಟು ಸಿಕ್ಕಿದ್ದೂ ಅದೇ ಮೊದಲೆಂದು ಲೋಕ ಬೆರಗಾಯಿತು. ಅಮೆರಿಕದಲ್ಲೇ ಕೋಟ್ಯಂತರ ಜನ ಮನೆಯಲ್ಲಿ ಆಡುವ ಭಾಷೆಯ ಮಾತು ಇದು! ಪರವಾದಿಗಳು ಬ್ಲೇಡ್ಸ್, ಲಫುರ್ಕಾದೆ ಇಬ್ಬರನ್ನೂ ಪಕ್ಕದ ವಿಭಾಗಕ್ಕೆ ತಳ್ಳಿದರೆಂದು ನೊಂದುಕೊಳ್ಳುತ್ತಾರೆ. ನನಗೂ ಆ ನೋವಿದೆ. ಆದರೆ ತಳ್ಳಿದವರಿಗೆ ನಾಚಿಕೆಯಾಗದಂತೆ ಮಾಡಿದ್ದು ಯಾವುದು? ಇನ್ನೊಂದೆಡೆ ಅದೇ ಹೆಸರಿನ ಇನ್ನೊಂದು ಶಿಖರ ಇದೆಯೆಂಬ ಸಮಾಧಾನವೇ.

ಇನ್ನು ಆ ಶಿಖರ ಯಾರದ್ದು? 2000ದಿಂದ 2025ರವರೆಗೆ 26 ಪ್ರಶಸ್ತಿಗಳು. ಡೊಮಿನಿಕನ್ ಗಣರಾಜ್ಯದ ಹ್ವಾನ್ ಲೂಯಿಸ್ ಗೆರ್ರಾಗೆ ನಾಲ್ಕು. ಸ್ಪೇನಿನ ಅಲೆಹಾಂದ್ರೊ ಸಾನ್ಸ್‌ಗೆ ಮೂರು, ಕೊಲಂಬಿಯಾದ ಹ್ವಾನೆಸ್‌ಗೆ ಮೂರು. ಲೂಯಿಸ್ ಮಿಗೆಲ್, ಕಾಯೆ 13, ಬ್ಲೇಡ್ಸ್, ರೊಸಾಲಿಯಾ ಇವರಿಗೆ ಎರಡೆರಡು. 26ರಲ್ಲಿ 18 ಏಳೇ ಹೆಸರುಗಳ ಪಾಲು. ಇವರು ದೊಡ್ಡ ಕಲಾವಿದರಲ್ಲವೆಂದು ನಾನು ಹೇಳುತ್ತಿಲ್ಲ, ಗೆರ್ರಾ ಅವರ ಬಚಾತಾ ಹಾಡುಗಳನ್ನು ಕೇಳಿದವರು ಹಾಗೆ ಹೇಳಲಾರರು. ಆದರೆ ರಿಯೊ ಗ್ರಾಂದೆ ನದಿಯಿಂದ ಪತಗೋನಿಯಾದವರೆಗೆ ಚಾಚಿದ ಲೋಕವೊಂದರ ಇಪ್ಪತ್ತಾರು ವರ್ಷಗಳ ಸಂಗೀತ ಇಷ್ಟು ಚಿಕ್ಕ ಅಂಗಳದಲ್ಲಿ ತಿರುಗಬೇಕೇ?

ಬ್ರೆಜಿಲ್ ಕಡೆ ನೋಡಿದರಂತೂ ಹೊಟ್ಟೆ ಉರಿಯುತ್ತದೆ. ಲ್ಯಾಟಿನ್ ಅಮೆರಿಕದ ಅತಿ ದೊಡ್ಡ ದೇಶ. ಸಾಂಬಾ, ಶೋರೊ, ಬೊಸ್ಸ ನೋವಾ, ಫೊರೋ ಹುಟ್ಟಿದ ನೆಲ. ಅಲ್ಲಿನ ಭಾಷೆಯ ಆಲ್ಬಂ ಈ ಪ್ರಶಸ್ತಿ ಗೆದ್ದದ್ದು ಒಂದೇ ಸಲ, 2005ರಲ್ಲಿ, ಇವಾನ್ ಲಿನ್ಸ್ ಅವರ ‘ಕಾಂತಾಂದೊ ಇಸ್ತೋರಿಯಾಸ್’. ಮೂಲ ಗ್ರ್ಯಾಮಿ ಸ್ಪ್ಯಾನಿಷ್‌ಗೆ ಏನು ಮಾಡಿತೆಂದು ದೂರುತ್ತೇವೋ ಲ್ಯಾಟಿನ್ ಗ್ರ್ಯಾಮಿ ಪೋರ್ಚುಗೀಸ್‌ಗೆ ಅದನ್ನೇ ಮಾಡಿತು: ಪಕ್ಕದಲ್ಲಿ ಪ್ರತ್ಯೇಕ ವಿಭಾಗಗಳನ್ನು ಕೊಟ್ಟು ನಡುಮನೆಯಿಂದ ದೂರ ಇಟ್ಟಿತು.

ಬಲ್ಲವರ ತೀರ್ಪು ಎನ್ನುತ್ತೀರಿ. 1995ರಲ್ಲಿ ಪೋರ್ಟೊ ರಿಕೊ ಪೊಲೀಸರು ಕ್ಯಾಸೆಟ್ ಅಂಗಡಿಗಳಿಗೆ ನುಗ್ಗಿ, ಅಶ್ಲೀಲವೆಂಬ ಆರೋಪ ಹೊರಿಸಿ, ಬಡವರ ಕೇರಿಗಳಲ್ಲಿ ಹುಟ್ಟಿದ ಹೊಸ ಸಂಗೀತದ ಕ್ಯಾಸೆಟ್‌ಗಳನ್ನು ಹೊತ್ತೊಯ್ದರು. ಅದೇ ಮುಂದೆ ರೆಗ್ಗೆಟೋನ್ ಎಂದು ಹೆಸರಾಗಿ ಲೋಕವೆಲ್ಲ ಹಬ್ಬಿತು. ಈ ಬಲ್ಲವರಿಗೆ ಅದು ಬಹಳ ಕಾಲ ಕೇಳಿಸಲಿಲ್ಲ. 2019ರಲ್ಲಿ ಮುಖ್ಯ ವಿಭಾಗಗಳ ನಾಮನಿರ್ದೇಶನದಲ್ಲಿ ತಮ್ಮವರು ಇಲ್ಲದ್ದನ್ನು ಕಂಡು ರೆಗ್ಗೆಟೋನ್ ಗಾಯಕರಾದ ಡ್ಯಾಡಿ ಯಾಂಕಿ, ಜೆ ಬಾಲ್ವಿನ್, ಮಾಲುಮಾ ಬಹಿರಂಗವಾಗಿ ಸಿಡಿದೆದ್ದರು. ರೆಗ್ಗೆಟೋನ್ ಇಲ್ಲದೆ ಲ್ಯಾಟಿನ್ ಗ್ರ್ಯಾಮಿಯೇ ಇಲ್ಲ ಎಂದರು. ಆಮೇಲೆ ಅಕಾಡೆಮಿ ರೆಗ್ಗೆಟೋನ್‌ಗೆ ಒಂದು ವಿಭಾಗ ಸೇರಿಸಿತು. ಮತ್ತೆ ಅದೇ ಮದ್ದು, ಇನ್ನೊಂದು ಸಾಲು. 2023ರಲ್ಲಿ ರೆಗ್ಗೆಟೋನ್ ಗಾಯಕಿ ಕರೋಲ್ ಜಿ ಗೆಲ್ಲುವವರೆಗೆ ಆ ಕೇರಿಯ ತಾಳ ಈ ಶಿಖರದಲ್ಲಿ ತನ್ನದೇ ಹೆಸರಿನಲ್ಲಿ ಕೂತಿರಲಿಲ್ಲ.

ಇನ್ನೊಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಈ ಸಮಾರಂಭ ಅಮೆರಿಕದ ಹೊರಗೆ ನಡೆದದ್ದು ಒಮ್ಮೆ, 2023ರಲ್ಲಿ, ಅದೂ ಸ್ಪೇನಿನ ಸೆವಿಯಾದಲ್ಲಿ. ಹವಾನಾ, ಬೊಗೋಟಾ, ಬ್ಯೂನೊಸ್ ಐರಿಸ್, ರಿಯೊ ಯಾವುದೂ ಅದನ್ನು ಕಂಡಿಲ್ಲ. 2001ರಲ್ಲಿ ಮಯಾಮಿಯಲ್ಲಿ ನಡೆಯಬೇಕಿದ್ದದ್ದನ್ನು, ಕ್ಯೂಬಾದಿಂದ ಬಂದು ನೆಲೆಸಿದವರ ಪ್ರತಿಭಟನೆಗೆ ಅಂಜಿ ಲಾಸ್ ಏಂಜಲೀಸ್‌ಗೆ ಒಯ್ದರು. ನಿಗದಿಯಾದ ದಿನ ಸೆಪ್ಟೆಂಬರ್ 11, ಸಮಾರಂಭವೇ ನಡೆಯಲಿಲ್ಲ. 2003ರಲ್ಲಿ ಮಯಾಮಿಯಲ್ಲೇ ನಡೆದಾಗ ಕ್ಯೂಬಾದ ನಾಮನಿರ್ದೇಶಿತರು ವೀಸಾ ಇಲ್ಲದೆ ಮನೆಯಲ್ಲೇ ಉಳಿದರು. ಮೊದಲ ವರ್ಷ ಹವಾನಾದ ಗಾಯಕ ಇಬ್ರಾಹಿಂ ಫೆರೆರ್‌ಗೆ 73ನೇ ವಯಸ್ಸಿನಲ್ಲಿ ‘ಹೊಸ ಕಲಾವಿದ’ ಪ್ರಶಸ್ತಿ ಕೊಟ್ಟು ಹಿಗ್ಗಿದ ಸಂಸ್ಥೆ ಇದು.

ಹಾಗಾದರೆ ಎಲ್ಲವನ್ನೂ ಮುಚ್ಚಿ ಎನ್ನುತ್ತೇನೆಯೇ? ಇಲ್ಲ. ಟ್ಯಾಂಗೊ, ಫ್ಲಮೆಂಕೊ, ಸಾಂಬಾ, ವಯೆನಾತೊ, ನೋರ್ತೆನ್ಯೊ ಪ್ರಶಸ್ತಿಗಳು ಇರಲಿ, ಇನ್ನೂ ಹೆಚ್ಚಲಿ. ಒಂದೊಂದು ಪರಂಪರೆಯನ್ನೂ ಬಲ್ಲವರು ಅಳೆಯುವುದು ಅಲ್ಲೇ. ಎಲ್ಲವನ್ನೂ ಕಲಸಿ ಮೇಲೊಂದು ‘ವರ್ಷದ ಆಲ್ಬಂ’ ಕೂರಿಸುವುದು ಮಾತ್ರ ಬೇಡ. ಆ ಪ್ರಶಸ್ತಿ ಮೂಲ ಗ್ರ್ಯಾಮಿಯಲ್ಲಿ ಒಂದೇ ಇರಲಿ, ಅಲ್ಲಿನ ಮತದಾರರಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್ ಬಲ್ಲವರು ಸಾವಿರಗಟ್ಟಲೆ ಸೇರಲಿ, ಜಗಳ ಅಲ್ಲೇ ನಡೆಯಲಿ.

ಪರ: ಒಂದು ಮರುಮಾತು

ಬ್ರೆಜಿಲ್ ವಿಚಾರದಲ್ಲಿ ನೀವು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. 26ರಲ್ಲಿ ಒಂದು ಎಂಬುದು ಅನ್ಯಾಯ.

ಆದರೆ ಟ್ಯಾಂಗೊ ಪ್ರಶಸ್ತಿ ಯಾರಿಗೆ ಬಂತೆಂದು ಟ್ಯಾಂಗೊ ಪ್ರೇಮಿಗಳ ಹೊರತು ಯಾರು ಕೇಳುತ್ತಾರೆ? ಎಲ್ಲರೂ ಒಂದೇ ಪಟ್ಟಿಯಲ್ಲಿ ನಿಂತಾಗಲೇ ಒಬ್ಬರ ಕೇಳುಗರು ಇನ್ನೊಬ್ಬರ ಹತ್ತಿರ ಹೋಗುವುದು. 2024ರಲ್ಲಿ ಶಕೀರಾ ಆಲ್ಬಂ ಸ್ಪರ್ಧೆಯಲ್ಲಿದ್ದಾಗ ಗೆದ್ದದ್ದು ಗೆರ್ರಾ ಅವರ ‘ರೇಡಿಯೊ ಗ್ವೀರಾ’. ಬೆರಳೆಣಿಕೆಯ ಹಾಡುಗಳ ಪುಟ್ಟ ಕೃತಿ ಅದು, ಹೆಸರಿನಲ್ಲೇ ಮೆರೆಂಗೆಯ ಲೋಹದ ತಾಳವಾದ್ಯವನ್ನು ಇಟ್ಟುಕೊಂಡದ್ದು. ಮೂಲ ಗ್ರ್ಯಾಮಿಯ ಮುಖ್ಯ ಪಟ್ಟಿಯೊಳಗೆ ಅಂಥದ್ದೊಂದು ನುಸುಳುವುದನ್ನು ನಾನು ಊಹಿಸಲಾರೆ. ಮತದಾರರನ್ನು ಸಾವಿರಗಟ್ಟಲೆ ಸೇರಿಸಿ ಎನ್ನುವುದು ಸುಲಭ. ಅವರು ಸೇರಿ, ಬಹುಮತವಾಗಿ, ಕಿವಿಗಳು ಬದಲಾಗುವ ತನಕ ಈ ಆಲ್ಬಂಗಳನ್ನು ಯಾರ ಮುಂದೆ ಇಡಬೇಕು?

ಸರಿಪಡಿಸಬೇಕಾದ್ದನ್ನು ಇಲ್ಲೇ ಸರಿಪಡಿಸೋಣ. ಪೋರ್ಚುಗೀಸ್ ಬಲ್ಲ ಮತದಾರರು ಹೆಚ್ಚಬೇಕು. ಹಣದ ನೆರವು ಸಿಕ್ಕಿತೆಂದು ಸೆವಿಯಾಕ್ಕೆ ಹೋದ ಸಮಾರಂಭ ಬ್ರೆಜಿಲಿನ ಸಾಲ್ವದೋರ್‌ಗೂ ಹೋಗಬೇಕು. ಅದನ್ನು ಕೇಳಲು ಹೊರಟರೆ ನಾನೂ ನಿಮ್ಮ ಜೊತೆ ಬರುತ್ತೇನೆ.